ಮಂಕು ಕಾಳು

ದೇವಲಾಪುರದ ಆಸುಪಾಸಿನಲ್ಲಿ ಬಿತ್ತನೆ ರಾಗಿ ಇಲ್ಲದವರು ದೊಡ್ಡತಾಯಮ್ಮನ ಜಗಲಿ ಹತ್ತುತ್ತಿದ್ದರು. ಹತ್ತಿದವರಿಗೆ ಆಕೆ ಮೊದಲು ನೀರು ಕೊಡುತ್ತಿದ್ದಳು, ಆಮೇಲೆ ಬೈಗುಳ ಕೊಡುತ್ತಿದ್ದಳು, ಎಲ್ಲ ಆದ ಮೇಲೆ ರಾಗಿ ಅಳೆಯುತ್ತಿದ್ದಳು. ಬಿತ್ತನೆ ಕೇಳಲು ಬಂದವರೆಂದರೆ ತಮ್ಮ ಮನೆಯ ಬಿತ್ತನೆಯನ್ನು ಮುದ್ದೆ ಮಾಡಿ ನುಂಗಿದವರು ಎಂದೇ ಆಕೆಯ ತೀರ್ಮಾನ. ಇಲಿ ತಿಂದಿತು, ಮುಗ್ಗಿತು, ನೆಂಟರು ಬಂದಿದ್ದರು ಎಂದು ಯಾರು ಏನೇ ಹೇಳಿಕೊಂಡರೂ ಆಕೆ ಅವರ ಬಾಯಿಯನ್ನೇ ನೋಡುತ್ತಿದ್ದಳು.

"ಬರಗಾಲದಾಗೂ ನಮ್ಮತ್ತೆ ಬಿತ್ತನೆ ವಾಡೆ ಮುಟ್ನಿಲ್ಲ. ಗೆಣಸು ತಿಂದೊ, ಸೊಪ್ಪು ತಿಂದೊ. ನಿಮಗೇನ್ಲಾ ಬಂದಿತ್ತು ರೋಗ?"

ಬೈಸಿಕೊಂಡವರು ಮರುವರ್ಷವೂ ಅಲ್ಲಿಗೇ ಬರುತ್ತಿದ್ದರು. ಆ ಮಣ್ಣಿನ ವಾಡೆಯಲ್ಲಿ ತುಂಬಿಟ್ಟ ರಾಗಿ ಹುಟ್ಟದೆ ಹೋದದ್ದನ್ನು ಯಾರೂ ಕಂಡಿರಲಿಲ್ಲ.

ಬೈಗುಳವಾದರೆ ಕೇಳಿ ಮರೆಯಬಹುದು. ಆಕೆ ಒಂದು ಶಾಸ್ತ್ರವನ್ನೂ ಮಾಡಿಟ್ಟಿದ್ದಳು. ಪಕ್ಕದ ಮನೆ ಚಿಕ್ಕಬೋರಮ್ಮ ತನ್ನ ಮಗನಿಗೆ ಹೊಣಕೆರೆ ಕಡೆಯಿಂದ ಹೆಣ್ಣು ಗೊತ್ತು ಮಾಡಿದ್ದಳು. ಆ ಹೆಣ್ಣಿನ ಮನೆಯವರು ಯಾರಿಂದಲೋ ತಂದ ಬಿತ್ತನೆಯನ್ನು ಬಿತ್ತದೆ ತಿಂದು, ಹಿಂದಿರುಗಿಸದೆ ಕೂತಿದ್ದಾರೆಂದು ತಿಳಿದ ದೊಡ್ಡತಾಯಮ್ಮ, ಇನ್ನೇನು ತಾಂಬೂಲ ಬದಲಾಗಬೇಕು ಎನ್ನುವಾಗ ಎದ್ದು ನಿಂತಳು. "ಬಿತ್ತನೆ ತಿಂದ್ ಮನೇಲಿ ಚಪ್ಪರ ಆಕ್ಬಾರ್ದು. ಬೆಳೆದು ತೀರುಸ್ಲಿ, ಆಮ್ಯಾಕೆ ಓಲಗ," ಎಂದಳು. ಮದುವೆ ಒಂದು ಫಸಲು ಮುಂದಕ್ಕೆ ಹೋಯಿತು. ಅಂಥದೊಂದು ಶಾಸ್ತ್ರ ಹಿಂದಿನಿಂದ ಇತ್ತೋ, ಆಕೆಯೇ ಆಗ ಹುಟ್ಟಿಸಿದಳೋ, ಯಾರಿಗೂ ಖಾತ್ರಿಯಿರಲಿಲ್ಲ. ಆದರೆ ಅಂದಿನಿಂದ ಅದು ಶಾಸ್ತ್ರವೇ ಆಯಿತು. ಕೃಷ್ಣರಾಜಪೇಟೆ ಕಡೆಯವರೂ ಹೆಣ್ಣು ಕೇಳುವಾಗ ಬಿತ್ತನೆಯ ಮಾತು ಎತ್ತತೊಡಗಿದರು.

ಆ ಮನೆಯಲ್ಲಿ ಕಾಳಿಗೂ ಒಂದು ಸರದಿಯಿತ್ತು. ಮೊರದಲ್ಲಿ ಕೇರಿದಾಗ ಮೊದಲ ದರ್ಜೆಯದು ಬಿತ್ತನೆ ವಾಡೆಗೆ, ಎರಡನೆಯದು ಗಂಡಸರಿಗೆ ಮತ್ತು ನೆಂಟರಿಗೆ, ಮೂರನೆಯದು ಹೆಂಗಸರು ಮಕ್ಕಳಿಗೆ. ಮೊರದ ಮೂಲೆಯಲ್ಲಿ ಉಳಿದ ಮುರುಕು, ಜೊಳ್ಳು, ಮುಗ್ಗಲು ದೊಡ್ಡತಾಯಮ್ಮನಿಗೆ. ಹೊಸ ಸೊಸೆಯಾಗಿ ಬಂದಾಗ ಅದು ಆಕೆಯ ಪಾಲಿಗೆ ಬಿದ್ದಿತ್ತು. ತಾನು ಅತ್ತೆಯಾದ ಮೇಲೆ ಸೊಸೆ ಪುಟ್ಟಗೌರಮ್ಮನಿಗೆ ದಾಟಿಸಬೇಕಿತ್ತು, ದಾಟಿಸಲಿಲ್ಲ. ಮರೆತಳೋ, ಕರುಣೆಯೋ, ಯಾರೂ ಕೇಳಲಿಲ್ಲ. ಪುಟ್ಟಗೌರಮ್ಮನಂತೂ ಕೇಳಲೇ ಇಲ್ಲ.

ಇಂಥ ಮನೆಯ ಮೊಮ್ಮಗಳು ಹೇಮಶ್ರೀ ಬೀಜದ ವಿಷಯವನ್ನೇ ಓದಲು ಬೆಂಗಳೂರಿಗೆ ಹೋಗಿದ್ದಳು. ಬೀಜದ ವಿಷಯ ತಿಳಿಯಲು ಬಸ್ಸು ಹತ್ತಬೇಕೆ ಎಂದು ದೊಡ್ಡತಾಯಮ್ಮ ಮೂಗು ಮುರಿದಿದ್ದಳು. ಹುಡುಗಿ ಕೃಷಿ ಪದವಿ ಮುಗಿಸಿ ಎಂ.ಎಸ್ಸಿ.ಗೂ ಸೇರಿದಾಗ ಅವಳ ಅಪ್ಪ ಚಿಕ್ಕಸ್ವಾಮಿ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಅದೇ ಖುಷಿಯಲ್ಲಿ, ಶೀಳನೆರೆಯ ದ್ಯಾವಯ್ಯನ ಮಗ ಮಂಜುನಾಥನಿಗೆ ಹೆಣ್ಣು ಕೊಡುವುದಾಗಿ ಮಾತೂ ಕೊಟ್ಟ. ಮಂಜುನಾಥ ಪಾಂಡವಪುರದ ಹೈಸ್ಕೂಲೊಂದರಲ್ಲಿ ಮೇಷ್ಟ್ರು. ಓದು ಮುಗಿದ ಕೂಡಲೇ ಮದುವೆ ಎಂಬುದು ಮಾತು. ಹುಡುಗನನ್ನು ಕಂಡರೆ ಹೇಮಶ್ರೀಗೆ ಬೇಸರವೇನೂ ಇರಲಿಲ್ಲ. ಓದು ಮುಗಿಯುವುದೆಂದರೆ ಏನು ಎಂಬುದರಲ್ಲಿ ಮಾತ್ರ ಅವಳಿಗೂ ಅಪ್ಪನಿಗೂ ಹೊಂದುತ್ತಿರಲಿಲ್ಲ.

ತೊಂಬತ್ತೈದರ ಮುಂಗಾರಿಗೆ ಹೇಮಶ್ರೀ ಒಂದು ಸಣ್ಣ ಚೀಲದಲ್ಲಿ ಮುಸುಕಿನ ಜೋಳ ತಂದು, ಅಪ್ಪನ ಹೊಲದ ಒಂದು ಮೂಲೆ ಕೇಳಿದಳು.

"ರಾಗಿ ಸೀಮೆಗೆ ಜೋಳ ತಂದಿದ್ದೀಯಲ್ಲೆ," ಎಂದಳು ದೊಡ್ಡತಾಯಮ್ಮ. "ಇಲ್ಲಿ ಯಾರೂ ಬೆಳಿಯಕಿಲ್ಲ."

"ಅದಕ್ಕೇ ಇಲ್ಲಿಗೆ ತಂದಿದ್ದು ಅಜ್ಜಿ. ಬೇರೆ ಜೋಳದ ಹೂವಿನ ಪುಡಿ ಗಾಳೀಲಿ ಬಂದು ಬಿದ್ರೆ ನನ್ನ ಕೆಲಸ ಕೆಟ್ಟುಹೋಗುತ್ತೆ."

"ಅದೇನಪ್ಪ ಅಂತಾ ಕೆಲ್ಸ?"

ಹೇಮಶ್ರೀ ಕೂತು ಹೇಳಿದಳು. "ಕಾಳು ಅಂದ್ರೆ ತಾಯಿಗಿಡ ತನ್ನ ಮರಿಗೆ ಕಟ್ಟಿಕೊಡೋ ಬುತ್ತಿ. ಆ ಬುತ್ತಿಗೆ ಏನು ತುಂಬ್ಬೇಕು ಅಂತ ಹೇಳೋಕೆ ಒಳಗೊಬ್ಬಳು ಯಜಮಾನಿ ಇದ್ದಾಳೆ ಅಂತ ಇಟ್ಕೊ. ನಾವು ಜೀನ್ ಅಂತೀವಿ. ಮಾಮೂಲಿ ಜೋಳದಲ್ಲಿ ಆ ಯಜಮಾನಿ ಒಂದೇ ಥರದ ಪ್ರೋಟೀನು ತುಂಬು ತುಂಬು ಅಂತಿರ್ತಾಳೆ. ಗಿಡಕ್ಕೆ ಅದು ಸಾಕು, ನಮ್ಮ ಮೈಗೆ ಅಷ್ಟಾಗಿ ಹತ್ತಲ್ಲ. ಇನ್ನೊಂದು ತಳೀಲಿ ಆ ಯಜಮಾನಿಯ ಬಾಯಿ ಕಟ್ಟಿಹೋಗಿದೆ. ಅವಳು ಹೇಳದೆ ಇದ್ದಾಗ ಬೇರೆ ಬೇರೆ ಪ್ರೋಟೀನು ಸೇರ್ಕೊಳ್ಳುತ್ತೆ. ಅದು ಮೈಗೆ ಹತ್ತುತ್ತೆ. ಅದನ್ನ ಮಾಮೂಲಿ ಜೋಳದ ಜೊತೆ ಸೇರಿಸಿ ಈ ಬೀಜ ತಂದಿದ್ದೀನಿ."

ದೊಡ್ಡತಾಯಮ್ಮ ಎಲ್ಲವನ್ನೂ ಗಮನವಿಟ್ಟು ಕೇಳಿದಳು. "ಯಜಮಾನಿ ಬಾಯಿ ಕಟ್ಟೋದ್ರೆ ಮನೆ ಉದ್ಧಾರ ಆಯ್ತದೆ ಅಂತ ಓದ್ಕಂಡ್ ಬಂದಿದ್ದೀಯ. ನಿಮ್ಮವ್ವನ್ಗೆ ಯೋಳ್ಬ್ಯಾಡ," ಎಂದಳು.

ಅಂಥ ಕಾಳು ನೋಡಲು ಹೇಗಿರುತ್ತದೆ ಎಂಬುದನ್ನು ಮಾತ್ರ ಹೇಮಶ್ರೀ ಹೇಳಲಿಲ್ಲ. ಹೇಳಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ.

ಜೋಳ ಎದೆಮಟ್ಟ ಬಂದು ಹೂ ಬಿಟ್ಟಾಗ ಹೇಮಶ್ರೀ ಊರಿಗೆ ಬಂದು, ಒಂದೊಂದು ಗಿಡದ ತಲೆಗೂ ತೆನೆಗೂ ಕಾಗದದ ಟೋಪಿ ಹಾಕಿದಳು. ಒಂದು ಗಿಡದ ಪುಡಿಯನ್ನು ಅದೇ ಗಿಡದ ತೆನೆಗೆ ಉದುರಿಸಿ ಮತ್ತೆ ಟೋಪಿ ಮುಚ್ಚುತ್ತಿದ್ದಳು. ಹೊಲದ ಹಾದಿಯಲ್ಲಿ ಹೋಗುವವರು ನಿಂತು ನೋಡಿದರು. ಬಾಣಂತಿ ಮನೆಯ ಕೂಸಿಗೆ ಕುಲಾವಿ ಹಾಕಿದಂತಿದೆ ಎಂದು ಚಿಕ್ಕಬೋರಮ್ಮ ಹೇಳಿದಳು. ಯಾರೂ ಜೋರಾಗಿ ನಗಲಿಲ್ಲ. ಅದು ದೊಡ್ಡತಾಯಮ್ಮನ ಮನೆಯ ಹೊಲ.

ತೆನೆ ಮುರಿಯುವ ಹೊತ್ತಿಗೆ ಹೇಮಶ್ರೀಗೆ ಪರೀಕ್ಷೆ ಬಂತು. ತೆನೆಗಳನ್ನು ಅಟ್ಟದಲ್ಲಿ ಹರಡಿ, "ಅಜ್ಜಿ, ಇದು ಕಾಲೇಜಿಗೆ ಕೊಡಬೇಕಾದ ಬಿತ್ತನೆ. ಸಂಕ್ರಾಂತಿಗೆ ಬಂದು ತಗೊಂಡು ಹೋಗ್ತೀನಿ. ಜೋಪಾನ," ಎಂದು ಹೇಳಿ ಬಸ್ಸು ಹತ್ತಿದಳು.

ಜೋಪಾನ ಎನ್ನುವುದನ್ನು ದೊಡ್ಡತಾಯಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತೆನೆ ಒಣಗಿದ ಮೇಲೆ ಒಂದನ್ನು ಸುಲಿದು ನೋಡಿದಳು. ಒಂದೇ ತೆನೆಯಲ್ಲಿ ಮುಕ್ಕಾಲು ಪಾಲು ಕಾಳು ಗಾಜಿನ ಹಾಗೆ ಹೊಳೆಯುತ್ತಿದ್ದವು, ಕಾಲು ಪಾಲು ಸುಣ್ಣ ಬಳಿದ ಹಾಗೆ ಮಂಕಾಗಿದ್ದವು. ಇನ್ನೊಂದು ಸುಲಿದಳು, ಅದೂ ಹಾಗೇ. ಎಲ್ಲವೂ ಹಾಗೇ. ಉಗುರಿನಿಂದ ಒತ್ತಿದರೆ ಮಂಕು ಕಾಳಿನಿಂದ ಹಿಟ್ಟು ಉದುರುತ್ತಿತ್ತು. ಒಂದೆರಡಕ್ಕೆ ಆಗಲೇ ಹುಳ ಬಿದ್ದಿತ್ತು.

ಹುಡುಗಿಯ ಬೆಳೆ ಕೆಟ್ಟುಹೋಗಿದೆ ಎಂದು ಆಕೆಗೆ ಅಳುವೇ ಬಂತು. ಅಷ್ಟು ಓದಿ, ಬಿಸಿಲಲ್ಲಿ ನಿಂತು ಟೋಪಿ ಹಾಕಿ, ಕೊನೆಗೆ ಇದೇ ಬೆಳೆದದ್ದು. ಇದನ್ನು ಹಾಗೇ ತೆಗೆದುಕೊಂಡು ಹೋದರೆ ಕಾಲೇಜಿನವರು ಏನೆಂದುಕೊಳ್ಳುತ್ತಾರೆ? ಚಿಕ್ಕಸ್ವಾಮಿಯ ಮನೆಯಿಂದ ಜೊಳ್ಳು ಬಿತ್ತನೆ ಬಂತು ಎನ್ನುತ್ತಾರೆ. ಆ ಮನೆಯ ಹೊಸಿಲು ದಾಟಿ ಇಂದಿನವರೆಗೆ ಮಂಕು ಕಾಳು ಹೊರಗೆ ಹೋದದ್ದಿಲ್ಲ. ಹೇಳಿದರೆ ಹುಡುಗಿಯ ಮನಸ್ಸು ಮುರಿದೀತೆಂದು ಆಕೆ ಯಾರಿಗೂ ಹೇಳದೆ ಎಲ್ಲ ತೆನೆ ಬಿಡಿಸಿದಳು. ಬೆಳಗಿನ ಬಿಸಿಲಿಗೆ ಮೊರ ಹಿಡಿದು ಕೂತು ಒಂದೊಂದೇ ಕಾಳು ಆರಿಸಿದಳು. ಕಣ್ಣು ಮಂಜಾಗಿದ್ದರೂ ಬೆರಳಿಗೆ ತಿಳಿಯುತ್ತಿತ್ತು. ಹೊಳೆಯುವ ಕಾಳನ್ನೆಲ್ಲ ಬೂದಿ, ಬೇವಿನ ಸೊಪ್ಪಿನ ಜೊತೆ ಗುಡಾಣಕ್ಕೆ ತುಂಬಿ ಸಗಣಿಯಿಂದ ಬಾಯಿ ಮೆತ್ತಿದಳು. ಮಂಕು ಕಾಳು ಎಂದಿನ ಸರದಿಯಂತೆ ಆಕೆಯ ಪಾಲಿಗೆ ಬಂತು.

ಹುರಿದು ನೋಡಿದಳು. ಮೆತ್ತಗೆ ಅರಳಿ, ಬೀಸುವ ಕಲ್ಲಿಗೆ ಹಾಕುತ್ತಲೇ ನುಣ್ಣಗಾಯಿತು. ಬೆಲ್ಲ, ಬಿಸಿನೀರು ಹಾಕಿ ಕಲೆಸಿದಳು. ಬಾಯಲ್ಲಿ ಹಲ್ಲು ಉಳಿದಿದ್ದವಳಲ್ಲ, ಜೊಳ್ಳು ಪಳ್ಳನ್ನೆಲ್ಲ ವಸಡಿನಿಂದಲೇ ಅರೆದು ನುಂಗಿ ರೂಢಿಯಾಗಿದ್ದವಳು. ಇದು ಹಾಗೇ ಇಳಿದುಹೋಯಿತು. ಮರುದಿನವೂ ಕಲೆಸಿದಳು. ಚಳಿಗಾಲ ಪೂರ್ತಿ ಕಲೆಸಿದಳು. ಪುಟ್ಟಗೌರಮ್ಮ ಹಾಲು ಹಾಕಲು ಡೇರಿಗೆ ಹೋದ ಹೊತ್ತಿನಲ್ಲಿ ಕಲೆಸುತ್ತಿದ್ದಳು.

"ತಾಯಕ್ಕ, ಮಕಕ್ಕೆ ಕಳೆ ಬಂದದಲ್ಲ," ಎಂದಳು ಚಿಕ್ಕಬೋರಮ್ಮ.

"ಚಳಿ ಕಣೆ," ಎಂದಳು ದೊಡ್ಡತಾಯಮ್ಮ.

ಸಂಕ್ರಾಂತಿಗೆ ಹೇಮಶ್ರೀ ಬಂದಳು. ಅಟ್ಟದಲ್ಲಿ ತೆನೆಗಳಿಲ್ಲದ್ದನ್ನು ಕಂಡು ಗಾಬರಿಯಿಂದ ಕೆಳಗಿಳಿದವಳನ್ನು ದೊಡ್ಡತಾಯಮ್ಮ ಕೈಹಿಡಿದು ಕರೆದುಕೊಂಡು ಹೋಗಿ ಗುಡಾಣದ ಬಾಯಿ ತೆಗೆದಳು. ಹೇಮಶ್ರೀ ಬೂದಿಯೊಳಗೆ ಕೈಯಾಡಿಸಿ ಕಾಳು ತೆಗೆದು ಬಿಸಿಲಿಗೆ ಹಿಡಿದಳು. ಇನ್ನೊಂದು ಹಿಡಿ ತೆಗೆದಳು. ತಳದವರೆಗೂ ತೋಡಿದಳು.

"ಮಿಕ್ಕಿದ್ದು ಎಲ್ಲಿ ಅಜ್ಜಿ?"

"ಯಾವ್ದು ಮಿಕ್ಕಿದ್ದು?"

"ಸುಣ್ಣದ ಥರ ಇತ್ತಲ್ಲ, ಮಂಕು ಕಾಳು. ಅದೇ ನನ್ನ ಬಿತ್ತನೆ. ಬಾಯಿ ಕಟ್ಟಿರೋ ಯಜಮಾನಿ ಇರೋದು ಅದರೊಳಗೆ. ಈ ಹೊಳೆಯೋದು ಮಾಮೂಲಿ ಕಾಳು."

ಅಷ್ಟರಲ್ಲಿ ಬಂದ ಪುಟ್ಟಗೌರಮ್ಮ, "ಅತ್ತೆ ಕೋಳಿಗೆ ಸುರ್ದಿರ್ಬೇಕು ಕಣೆ. ಜೊಳ್ಳು ಅಂದ್ಕಂಡು," ಎಂದಳು. ದೊಡ್ಡತಾಯಮ್ಮ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕೋಳಿಗಳು ಅಂಗಳದಲ್ಲೇ ಇದ್ದವು. ಅವೂ ಏನೂ ಹೇಳಲಿಲ್ಲ.

ಹೇಮಶ್ರೀ ಗುಡಾಣದ ಪಕ್ಕದಲ್ಲೇ ಕುಸಿದು ಕೂತು ಅತ್ತಳು. ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು ಅಪ್ಪನಿಗೆ ಹೇಳಿದಳು. "ಪೂರ್ತಿ ಹೋಗಿಲ್ಲ ಅಪ್ಪ. ಹೊಳೆಯೋ ಮೂರು ಕಾಳಲ್ಲಿ ಎರಡರೊಳಗೆ ಆ ಗುಣ ಅಡಗಿ ಕೂತಿರುತ್ತೆ, ಹೊರಗೆ ಕಾಣಲ್ಲ ಅಷ್ಟೆ. ಮತ್ತೆ ಬಿತ್ತಿ ಟೋಪಿ ಹಾಕಿದ್ರೆ ಮುಂದಿನ ತೆನೇಲಿ ಮಂಕು ಕಾಳು ಬಂದೇ ಬರುತ್ತೆ. ಒಂದು ಮುಂಗಾರು ಬೇಕು. ಅದಿಲ್ಲದೆ ನನಗೆ ಡಿಗ್ರಿ ಇಲ್ಲ."

"ಮುಂಗಾರು ಎಲ್ಲದೆ ಮಗಾ? ವೈಶಾಖಕ್ಕೆ ಮದ್ವೆ. ಬೀಗರು ಬರೋ ವಾರ ದಿನ ಗೊತ್ತು ಮಾಡಕೆ ಬತ್ತಾವ್ರೆ. ಓದಿದ್ದು ಸಾಕು ಬುಡು. ಕೋಳಿ ತಿಂದ್ಬುಟ್ಟೊ, ಇನ್ನೇನ್ ಮಾಡಕಾಯ್ತದೆ." ಚಿಕ್ಕಸ್ವಾಮಿ ಕೆಟ್ಟವನಲ್ಲ. ಕೊಟ್ಟ ಮಾತು ಕೆಡಿಸಲು ಅವನಿಗೆ ಹೆದರಿಕೆ, ಅದೂ ಜೋಳದ ಕಾರಣಕ್ಕೆ.

ಹೇಮಶ್ರೀ ವಾದಕ್ಕೆ ನಿಲ್ಲಲಿಲ್ಲ. ಒಳಗೆ ಹೋಗಿ, ಉಳಿದಿದ್ದ ಕಾಗದದ ಟೋಪಿಗಳನ್ನು ನೀಟಾಗಿ ಮಡಿಸಿ ಒಂದರ ಮೇಲೊಂದು ಪೇರಿಸತೊಡಗಿದಳು. ದೊಡ್ಡತಾಯಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಹುಡುಗಿ ಮತ್ತೆ ಅತ್ತಿದ್ದರೆ ಚೆನ್ನಾಗಿತ್ತು ಅನಿಸಿತು.

ಆ ವಾರವೆಲ್ಲ ಆಕೆ ಸರಿಯಾಗಿ ಉಣ್ಣಲಿಲ್ಲ. ಕೋಳಿ ತಿಂದರೆ ಅದು ಅನಾಹುತ, ಮನುಷ್ಯರು ತಿಂದರೆ ಅದು ಬಿತ್ತನೆ ತಿಂದ ಪಾಪ. ಈ ವ್ಯತ್ಯಾಸ ಆಕೆಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಇಷ್ಟು ವರ್ಷ ಊರವರಿಗೆ ಅದನ್ನು ಅರೆದು ಕುಡಿಸಿದವಳೇ ಆಕೆ. ತಿಂದೆ ಎಂದು ಬಾಯಿಬಿಟ್ಟರೆ ಚಪ್ಪರ ನಿಲ್ಲುತ್ತದೆ, ಹುಡುಗಿಗೆ ಮುಂಗಾರು ಸಿಗುತ್ತದೆ. ಆದರೆ ಅದಾದ ಮೇಲೆ ಆ ಜಗಲಿಯಲ್ಲಿ ಕೂತು ಯಾರನ್ನೂ ಒಂದು ಮಾತು ಅನ್ನುವ ಹಾಗಿಲ್ಲ. ಬಿತ್ತನೆ ಕಳ್ಳಿ ಎನಿಸಿಕೊಂಡು ಸಾಯಬೇಕು. ಸಾವಿಗೆ ಆಕೆ ಹೆದರುತ್ತಿರಲಿಲ್ಲ. ಚಿಕ್ಕಬೋರಮ್ಮನ ಮುಖವನ್ನು ನೆನೆದರೆ ಹೆದರಿಕೆಯಾಗುತ್ತಿತ್ತು.

ಬೀಗರು ವ್ಯಾನು ಮಾಡಿಕೊಂಡು ಬಂದರು. ದ್ಯಾವಯ್ಯ, ಅವನ ಹೆಂಡತಿ, ಮಂಜುನಾಥ, ಇನ್ನೊಂದಿಷ್ಟು ನೆಂಟರು. ಪುಟ್ಟಗೌರಮ್ಮ ಕಜ್ಜಾಯ, ಕಾಫಿ ಕೊಟ್ಟಳು. ಪಕ್ಕದ ಮನೆಯ ಹಕ್ಕಿನಿಂದ ಚಿಕ್ಕಬೋರಮ್ಮ ಬಾಗಿಲ ಬಳಿ ಬಂದು ನಿಂತಿದ್ದಳು. ವೈಶಾಖದ ಒಂದು ಗುರುವಾರ ಎಲ್ಲರಿಗೂ ಒಪ್ಪಿಗೆಯಾಯಿತು. ಹೇಮಶ್ರೀ ತಲೆ ಬಗ್ಗಿಸಿ ನೆಲ ನೋಡುತ್ತಿದ್ದಳು. ಹುಡುಗಿ ನಾಚಿಕೊಂಡಿದ್ದಾಳೆ ಎಂದುಕೊಂಡು ನೆಂಟರು ಮೆಚ್ಚಿದರು. ಚಿಕ್ಕಸ್ವಾಮಿ ತಾಂಬೂಲದ ತಟ್ಟೆ ಎತ್ತಿದ.

"ವಸಿ ತಡಿಲಾ," ಎಂದಳು ದೊಡ್ಡತಾಯಮ್ಮ. ಗೋಡೆ ಹಿಡಿದು ಎದ್ದು ನಿಂತಳು. "ಈ ಮನೇಲಿ ಬಿತ್ತನೆ ತಿಂದವ್ರೆ. ಚಪ್ಪರ ಆಕಂಗಿಲ್ಲ."

ಕಾಫಿ ಲೋಟಗಳು ನಿಂತವು.

"ಅವ್ವ, ಅದು ಕೋಳಿ ತಿಂದಿದ್ದು ಕನವ್ವ," ಎಂದ ಚಿಕ್ಕಸ್ವಾಮಿ.

"ಕೋಳಿ ಅಲ್ಲ ಕಣ್ಲಾ. ನಾನು."

ಹೇಮಶ್ರೀ ತಲೆ ಎತ್ತಿದಳು. ದ್ಯಾವಯ್ಯ ಕಜ್ಜಾಯ ನುಂಗಿಕೊಂಡು ಕೇಳಿದ, "ಏಟ್ ತಿಂದ್ರಿ ಅವ್ವ?"

"ಎಲ್ಲಾನೂವೆ."

"ಬಿತ್ತನೆ ಅಂತ ಗೊತ್ತಿಲ್ದೆ ತಿಂದಿರ್ತೀರಿ. ಅದ್ಕೇನಂತೆ ಬುಡಿ." ದ್ಯಾವಯ್ಯ ಒಳ್ಳೆಯ ಮನುಷ್ಯ, ದಾರಿ ಬಿಟ್ಟುಕೊಟ್ಟ. ಆ ದಾರಿ ಹಿಡಿದಿದ್ದರೆ ಎಲ್ಲರೂ ನಕ್ಕು ಕಾಫಿ ಮುಗಿಸುತ್ತಿದ್ದರು.

"ಗೊತ್ತಿಲ್ದೆ ತಿಂದೊ ಅಂದೋರ್ನ ನಾನು ಯಾವತ್ತಾರ ಬುಟ್ಟಿದ್ನಾ? ಇವ್ಳುನ್ನ ಕೇಳಿ."

ಎಲ್ಲರೂ ಬಾಗಿಲ ಕಡೆ ತಿರುಗಿದರು. "ಬುಟ್ಟಿರ್ನಿಲ್ಲ," ಎಂದಳು ಚಿಕ್ಕಬೋರಮ್ಮ. ಅವಳ ದನಿಯಲ್ಲಿ ದುಃಖ ಇತ್ತೆಂದು ಹೇಳಲು ಬರುವುದಿಲ್ಲ.

"ಅದು ಈ ಮಗ ಕಾಲೇಜ್ನೋರ್ತಾವ ತಂದ್ ಬಿತ್ತನೆ," ಎಂದಳು ದೊಡ್ಡತಾಯಮ್ಮ. "ಬೆಳೆದು ತೀರುಸ್ಬೇಕು. ಅದುನ್ನ ಬೆಳಿಯಾದು ಇವ್ಳಿಗೇ ಗೊತ್ತು. ಗಿಡಕ್ಕೆ ಟೋಪಿ ಆಕಕೆ ನಂಗ್ ಬರಕಿಲ್ಲ."

ದ್ಯಾವಯ್ಯ ತುಸು ಹೊತ್ತು ಮೀಸೆ ಸವರಿದ. ಮಂಜುನಾಥ ಹೇಮಶ್ರೀಯನ್ನು ನೋಡಿದ, ಆಮೇಲೆ ಅಪ್ಪನನ್ನು ನೋಡಿ, "ದೀಪಾವಳಿ ಕಳೀಲಿ ಬುಡಪ್ಪ," ಎಂದ. ಆ ಹುಡುಗ ಅಷ್ಟು ಹೊತ್ತಿನಲ್ಲಿ ಆಡಿದ್ದು ಅದೊಂದೇ ಮಾತು.

"ಬಿತ್ತನೆ ತಿಂದ್ ಮನೆಯಿಂದ ಹೆಣ್ ತಂದ ಅಂದ್ರೆ ನಮ್ಮೂರಲ್ಲಿ ನಾನೂ ತಲೆ ಎತ್ತಕಾಗಕಿಲ್ಲ," ಎಂದ ದ್ಯಾವಯ್ಯ. "ಫಸಲು ಬರ್ಲಿ."

ತಟ್ಟೆ ಒಳಗೆ ಹೋಯಿತು. ಬೀಗರು ಮರ್ಯಾದೆಯಿಂದ ಕೈಮುಗಿದು ವ್ಯಾನು ಹತ್ತಿದರು. ಊರ ಮುಂದಿನ ತಿರುವು ದಾಟುವವರೆಗೂ ಅವರಲ್ಲಿ ಯಾರೂ ನಗಲಿಲ್ಲ. ಆಮೇಲೆ ನಕ್ಕರು. ಜಗಲಿಯವರೆಗೂ ಕೇಳಿಸಿತು.

ಮುಂಗಾರು ಹತ್ತಿರ ಬಂದಾಗ ಬಿತ್ತನೆ ರಾಗಿಗೆಂದು ಜನ ಬಂದರು, ಬರದೆ ಇರಲಿಲ್ಲ. ರಾಗಿ ಅದೇ ರಾಗಿ. ಮೇಲಿನ ಕೇರಿಯವನೊಬ್ಬ ಟವಲು ಹಾಸಿಕೊಂಡು ಕೂತು ನೀರು ಕುಡಿದ. ದೊಡ್ಡತಾಯಮ್ಮ ಬಾಯಿ ತೆರೆದಳು, ಮುಚ್ಚಿದಳು, ಸೇರು ತೆಗೆದುಕೊಂಡು ಅಳೆದು ಹಾಕಿದಳು. ಅವನು ಗಂಟು ಕಟ್ಟಿಕೊಂಡ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದ. "ಏನೂ ಅನ್ನಕಿಲ್ವಾ?" ಎಂದು ಕೇಳಿದ. ಆಕೆ ಒಳಗೆ ಹೋದಳು. ಬೇರೆ ಕೆಲವರು ಬರುತ್ತಲೇ, "ನೀವು ತ್ವಾರಿಸಿದ್ ದಾರೀನೇ ಅಲ್ವಾ ತಾಯಕ್ಕ, ನಾವೂ ತಿಂದ್ಬುಟ್ಟೊ," ಎಂದು ಹಲ್ಲು ಕಿರಿದರು. ಅವರಿಗೂ ಅಳೆದು ಕೊಟ್ಟಳು.

ಮೊದಲ ಹದ ಮಳೆ ಬಿದ್ದ ಮೇಲೆ ಹೇಮಶ್ರೀ ಗುಡಾಣದ ಕಾಳು ತೆಗೆದುಕೊಂಡು ಹೊಲಕ್ಕೆ ಹೋದಳು. ದೊಡ್ಡತಾಯಮ್ಮ ಹಿಂದೆಯೇ ಹೋಗಿ ಬದುವಿನ ಮೇಲೆ ಕೂತಳು. ಹುಡುಗಿ ಸಾಲಿನಲ್ಲಿ ಒಂದೊಂದೇ ಕಾಳು ಬಿಡುತ್ತ ಬರುತ್ತಿದ್ದಳು. ಬದುವಿನ ಹತ್ತಿರ ಬಂದಾಗ ನಿಂತಳು.

"ಅಜ್ಜಿ, ಒಂದು ಕೇಳ್ತೀನಿ. ಅದರ ರುಚಿ ಹೆಂಗಿತ್ತು? ನಮ್ಮ ಪ್ರೊಫೆಸರೂ ತಿಂದು ನೋಡಿಲ್ಲ. ನಾವು ಇಲಿಗೆ ತಿನ್ನಿಸಿ ತೂಕ ನೋಡ್ತೀವಿ, ಅಷ್ಟೆ."

"ಚೆನ್ನಾಗಿತ್ತು."

ಅಜ್ಜಿ ಇನ್ನೂ ಏನಾದರೂ ಹೇಳುತ್ತಾಳೇನೋ ಎಂದು ಹೇಮಶ್ರೀ ಕಾದಳು. ದೊಡ್ಡತಾಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಿಮ್ಮವ್ವನ್ಗೆ ಒಂದಿಡಿ ಕೊಡ್ನಿಲ್ಲ ಕಣೆ. ಬಾಗ್ಲು ಆಕ್ಕಂಡು ತಿಂದೆ. ನಾನು ಹಂಗ್ ತಿಂದೋಳಲ್ಲ. ಈ ಮನೆಗೆ ಬಂದಾಗ್ನಿಂದ ನನ್ ಪಾಲ್ಗೆ ಚೆನ್ನಾಗಿರಾದು ಬಂದಿದ್ದು ಅದೊಂದ್ಸಲವೇಯ. ಅದೂ ಕೆಟ್ಟೋಗಿರಾದು ಅಂತ್ಲೇ ತಕ್ಕಂಡಿದ್ದೆ."

ಹೇಮಶ್ರೀ ಕೈಯಲ್ಲಿದ್ದ ಕಾಳನ್ನು ಸಾಲಿಗೆ ಬಿಡುವುದನ್ನು ಮರೆತು ಹಾಗೇ ನಿಂತಳು.

"ಬಿತ್ತು, ಬಿತ್ತು," ಎಂದಳು ದೊಡ್ಡತಾಯಮ್ಮ. "ಮಣ್ಣು ಒಣಗ್ತದೆ."